ಏಳು ನಿಮಿಷ ಮುಂದೆ, ಇಪ್ಪತ್ತು ವರ್ಷ ಹಿಂದೆ

ಲೋಕದಲ್ಲಿ ಕಳ್ಳರನ್ನು ಕ್ಷಮಿಸಬಹುದು, ಸುಳ್ಳರನ್ನೂ ಕ್ಷಮಿಸಬಹುದು. ಆದರೆ ತಪ್ಪು ಗಂಟೆ ತೋರಿಸುವ ಗಡಿಯಾರವನ್ನು ಗೋಡೆಗೆ ನೇತುಹಾಕಿ, ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂರುವವರನ್ನು ಕ್ಷಮಿಸಲೇಬಾರದು ಎಂಬುದು ಮಹೇಶ್ವರಣ್ಣನ ಖಚಿತ ಅಭಿಪ್ರಾಯವಾಗಿತ್ತು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದ ಮೇಲೆ ಅವನು ಗಡಿನಾಡಿನ ಬದಿಯಡ್ಕ ಪೇಟೆಯಿಂದ ಒಳಗಿರುವ ತನ್ನೂರಿನ ದೇವಸ್ಥಾನದ ಕಚೇರಿಯಲ್ಲಿ ಗುಮಾಸ್ತನಾಗಿ ಕೂತಿದ್ದ. ಕೂತದ್ದು ಅಲ್ಲಿಯಾದರೂ ಅವನ ಕಣ್ಣು ಊರಿನ ಎಲ್ಲ ಗಡಿಯಾರಗಳ ಮೇಲೂ ಇತ್ತು.

ಅದರಲ್ಲೂ ಪಂಚಾಯತು ಕಚೇರಿಯ ಗೋಡೆ ಗಡಿಯಾರ. ಅದು ಸರಿಯಾಗಿ ಏಳು ನಿಮಿಷ ಮುಂದೆ ಓಡುತ್ತಿತ್ತು. ಈ ಬಗ್ಗೆ ಮಹೇಶ್ವರಣ್ಣ ಮೂರು ಅರ್ಜಿ ಕೊಟ್ಟಿದ್ದ. ಮೂರಕ್ಕೂ, ನಿಮ್ಮ ಅರ್ಜಿಯನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ ಎಂಬ ಉತ್ತರ ಬಂದಿತ್ತು. ಗಡಿಯಾರಕ್ಕೆ ಸಂಬಂಧಪಟ್ಟ ವಿಭಾಗ ಯಾವುದು ಎಂದು ಕೇಳಿ ನಾಲ್ಕನೆಯ ಅರ್ಜಿ ಬರೆದಾಗ, ಪಂಚಾಯತು ಸೆಕ್ರೆಟರಿ ಅವನನ್ನು ಖುದ್ದಾಗಿ ಕರೆಸಿದರು. ತಿರುವನಂತಪುರದ ಕಡೆಯಿಂದ ವರ್ಗವಾಗಿ ಬಂದ ಮನುಷ್ಯ, ಕನ್ನಡವನ್ನು ಕಷ್ಟಪಟ್ಟು ಕಲಿತವರು. ಗಡಿಯಾರ ಸ್ವಲ್ಪ ಮುಂದಿದ್ದರೆ ನೌಕರರು ಬೇಗ ಬರುತ್ತಾರೆ ಎಂದು ಸಮಾಧಾನ ಹೇಳಿದರು. ಬೆಳಿಗ್ಗೆ ಆ ಗಡಿಯಾರವನ್ನು ಯಾರೂ ನೋಡುವುದಿಲ್ಲ, ಸಂಜೆ ಮಾತ್ರ ಎಲ್ಲರೂ ನೋಡುತ್ತಾರೆ ಎಂದು ಮಹೇಶ್ವರಣ್ಣ ಹೇಳಿ ಎದ್ದು ಬಂದ. ಅಂದಿನಿಂದ ಇಬ್ಬರಿಗೂ ಆಗಿಬರುತ್ತಿರಲಿಲ್ಲ.

ಹೀಗಿರುವಾಗ ಕಳೆದ ವರ್ಷ ದೇವಸ್ಥಾನದ ಸಭಾಭವನದಲ್ಲಿ ಒಂದು ಮದುವೆಯಾಯಿತು. ಸಭಾಭವನದ ಗಡಿಯಾರದಲ್ಲಿ ಒಂದು ಸಮಯ, ಭಟ್ಟರ ಕೈಗಡಿಯಾರದಲ್ಲಿ ಇನ್ನೊಂದು, ಫೋಟೋ ತೆಗೆಯುವವನ ಮೊಬೈಲಿನಲ್ಲಿ ಮತ್ತೊಂದು. ಧಾರೆ ಎರೆಯುವಾಗ ಮುಹೂರ್ತ ಮುಗಿದು ಎರಡು ನಿಮಿಷವಾಗಿತ್ತು ಎಂದು ವರನ ಸೋದರಮಾವ ತಗಾದೆ ತೆಗೆದು, ಪಾಯಸ ಬಡಿಸುವ ಮೊದಲೇ ಬಳಗ ಸಮೇತ ಎದ್ದುಹೋದ. ಎರಡು ಕೊಪ್ಪರಿಗೆ ಪಾಯಸ ಉಳಿಯಿತು. ಅದನ್ನು ನೋಡಿದ ಮಹೇಶ್ವರಣ್ಣನ ಮೈಯೆಲ್ಲ ಉರಿದುಹೋಯಿತು. ಈ ಊರಿಗೆ ಒಂದು ಸರಿಯಾದ ಗಂಟೆಯನ್ನು ಕೊಟ್ಟೇ ಸಾಯುವುದು ಎಂದು ಅವನು ಅಲ್ಲಿಯೇ ತೀರ್ಮಾನಿಸಿದ.

ಅವನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜನ್ನು ಮುಚ್ಚಿದಾಗ ಗುಜರಿಗೆ ಹೋದ ಸಾಮಾನಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದು ಆಕಾಶದ ಉಪಗ್ರಹಗಳಿಂದ ಗಂಟೆ ಕೇಳಿಕೊಂಡು, ಸೆಕೆಂಡಿಗೆ ಒಂದರಂತೆ ತಂತಿಯಲ್ಲಿ ಬಡಿತ ಕಳಿಸುವ ಯಂತ್ರ. ಅದನ್ನು ಗುಜರಿಯವನಿಂದ ಬಿಡಿಸಿ ತಂದ. ಪಕ್ಕದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಸೌದಾಮಿನಿ ಟೀಚರು, ಶಾಲೆಯವರು ಬದಿಗಿಟ್ಟಿದ್ದ ಒಂದು ಲಿನಕ್ಸ್ ಕಂಪ್ಯೂಟರನ್ನು ಮೊದಲೇ ದೇವಸ್ಥಾನಕ್ಕೆ ಕೊಡಿಸಿದ್ದರು. ಪೆಟ್ಟಿಗೆಯ ತಂತಿಯನ್ನು ಅದರ ಬೆನ್ನಿಗೆ ಸಿಕ್ಕಿಸಿ, ಕಚೇರಿಯ ತಾರಸಿಯ ಮೇಲೆ ಆಂಟೆನಾ ನೆಟ್ಟದ್ದಾಯಿತು. ಬಡಿತಕ್ಕೆ ಸರಿಯಾಗಿ ಕಂಪ್ಯೂಟರಿನ ಗಡಿಯಾರವನ್ನು ನಡೆಸುವ ತಂತ್ರಾಂಶವನ್ನು ಟೀಚರೇ ಹಾಕಿಕೊಟ್ಟರು. ಪೆಟ್ಟಿಗೆಯ ಜೊತೆಗೆ ಇಂಟರ್ನೆಟ್ಟಿನ ನಾಲ್ಕು ಸರ್ವರುಗಳ ಹತ್ತಿರವೂ ಗಂಟೆ ಕೇಳುವ ಹಾಗೆ ಇಡಿ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದಲಿ ಎಂದು ಎರಡೆರಡು ಸಲ ಹೇಳಿದರು. ಮಹೇಶ್ವರಣ್ಣ ತಲೆಯಾಡಿಸಿದ. ಟೀಚರು ಗೇಟು ದಾಟಿದ್ದೇ ತಡ, ಆ ನಾಲ್ಕೂ ಸರ್ವರುಗಳ ಹೆಸರಿದ್ದ ಸಾಲುಗಳನ್ನು ಅಳಿಸಿಹಾಕಿದ. ಎಲ್ಲಿಯೋ ಕೂತ ಗುರುತು ಪರಿಚಯ ಇಲ್ಲದ ಸರ್ವರಿನ ಹತ್ತಿರ ನಮ್ಮ ದೇವಸ್ಥಾನ ಯಾಕೆ ಗಂಟೆ ಕೇಳಬೇಕು? ಆಕಾಶವೇ ಹೇಳುತ್ತಿರುವಾಗ?

ಅಂದಿನಿಂದ ಅವನು ನೆಲದ ಮೇಲೆ ನಡೆಯುವುದೇ ಕಷ್ಟವಾಯಿತು. ಕಾಯಿ ಒಡೆಸಲು ಬಂದವರಿಗೂ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಕೂಡ ತಪ್ಪದ ಗಡಿಯಾರದ ಬಗ್ಗೆ ಉಪನ್ಯಾಸ. ಮನೆಯಲ್ಲಿ ಹೆಂಡತಿ ಶಂಕರಿ ದಿನಾ ಬೆಳಿಗ್ಗೆ ಅಡಿಗೆಮನೆಯ ಕ್ಯಾಲೆಂಡರಿನ ಒಂದು ಹಾಳೆ ಹರಿಯುವುದನ್ನು ಕಂಡರೂ ಅವನಿಗೆ ನಗು. ಅವಳು ಅದಕ್ಕೆ ತಲೆಕೆಡಿಸಿಕೊಳ್ಳದೆ ಹಾಳೆ ಹರಿದು, ಅದರ ಬೆನ್ನಿಗೆ ಅಂಗಡಿ ಸಾಮಾನಿನ ಪಟ್ಟಿ ಬರೆಯುತ್ತಿದ್ದಳು.

ಈ ಹೊಸ ವ್ಯವಸ್ಥೆಯ ಮೊದಲ ಮದುವೆ ತೃಪ್ತಿಯದ್ದು. ಗುಡ್ಡದಾಚೆಯ ಕಿನ್ನಿ ಅಜ್ಜಿಯ ಮೊಮ್ಮಗಳು. ತೃಪ್ತಿಗೆ ತಂದೆತಾಯಿ ಇದ್ದರೂ ಆ ಮನೆಯಲ್ಲಿ ಮಾತಾಡುವ ಖಾತೆ ಅಜ್ಜಿಯದ್ದೇ. ವರ ವಿಜೇತ್, ಶಾರ್ಜಾದಲ್ಲಿ ಕೆಲಸ. ಮೇ ಹನ್ನೊಂದು, ಆದಿತ್ಯವಾರ ಮದುವೆ. ಆ ವಾರ ಮುಗಿಯುವ ಶನಿವಾರವೇ ಅವನ ವಿಮಾನ. ಅಷ್ಟರೊಳಗೆ ಪಂಚಾಯತಿನಲ್ಲಿ ಇಬ್ಬರೂ ಸಹಿ ಹಾಕಿ ಮದುವೆ ದಾಖಲಾದರೆ ತೃಪ್ತಿಯ ವೀಸಾಕ್ಕೆ ಕಾಗದ ಹಾಕಬಹುದು. ಇಲ್ಲದಿದ್ದರೆ ಅವನ ಮುಂದಿನ ರಜೆಯ ತನಕ, ಎಂದರೆ ಇನ್ನೊಂದು ಮೇ ತಿಂಗಳ ತನಕ, ಮದುಮಗಳು ಅಜ್ಜಿಯ ಮನೆಯಲ್ಲೇ ಬಾಕಿ.

ಮದುವೆಯ ಕ್ಷಣವನ್ನು ಕೈಯಲ್ಲಿ ಬರೆಯುವ ಹಳೆಯ ಪದ್ಧತಿಯನ್ನು ಮಹೇಶ್ವರಣ್ಣ ರದ್ದು ಮಾಡಿದ್ದ. ಉದ್ದದ ತಂತಿ ಕಟ್ಟಿದ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಮಂಟಪದ ಹಿಂದೆಯೇ ಕೂತ. ಧಾರೆಯ ನೀರು ವಧೂವರರ ಕೈಗೆ ಬಿದ್ದ ಕ್ಷಣಕ್ಕೆ ಸರಿಯಾಗಿ ಎಂಟರ್ ಒತ್ತಿದ. ಕಚೇರಿಯಲ್ಲಿ ಪ್ರಿಂಟರು ಗುರ್ ಎಂದು ಮದುವೆಯ ಸರ್ಟಿಫಿಕೇಟನ್ನು ಹೆತ್ತಿತು. ಆ ಮದುವೆಯ ಫೋಟೋಗಳಲ್ಲಿ ಇವತ್ತಿಗೂ ಮದುಮಕ್ಕಳ ನಡುವಿನಿಂದ ಕೀಬೋರ್ಡ್ ಹಿಡಿದ ಮಹೇಶ್ವರಣ್ಣನ ಮುಖ ಕಾಣುತ್ತದೆ.

ಸರ್ಟಿಫಿಕೇಟನ್ನು ಊಟದ ಪಂಕ್ತಿಯಲ್ಲಿ ಕೈಯಿಂದ ಕೈಗೆ ದಾಟಿಸಿದರು. ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷ ಮೂವತ್ತೇಳು ಸೆಕೆಂಡು, ಮುಂದೆ ಒಂದು ಚುಕ್ಕೆ, ಚುಕ್ಕೆಯ ಮುಂದೆ ಆರು ಅಂಕೆ. ಜನ ಆ ಆರು ಅಂಕೆಗಳನ್ನೇ ಕಣ್ಣರಳಿಸಿ ನೋಡಿದರು. ವಾರ ಆದಿತ್ಯವಾರ ಎಂದು ಸರಿಯಾಗಿಯೇ ಇತ್ತು. ಅದರ ಪಕ್ಕದಲ್ಲಿದ್ದ ತಾರೀಕನ್ನು ಯಾರೂ ಓದಲಿಲ್ಲ. ಮದುವೆಗೆ ಬಂದವರಿಗೆ ಅವತ್ತಿನ ತಾರೀಕು ಗೊತ್ತಿಲ್ಲವಾ, ಯಾರು ಓದುತ್ತಾರೆ?

ಓದಿದ್ದು ಸೋಮವಾರ, ಪಂಚಾಯತಿನ ಕಂಪ್ಯೂಟರು. ವಧುವಿನ ಜನನ ದಿನಾಂಕ ಹಾಕಿದರು, ಮದುವೆಯ ದಿನಾಂಕ ಹಾಕಿದರು. ಪರದೆ ಕೆಂಪಾಯಿತು. ಸೆಕ್ರೆಟರಿ ಕನ್ನಡಕ ಹಾಕಿಕೊಂಡು ಸರ್ಟಿಫಿಕೇಟನ್ನು ಕೈಗೆತ್ತಿಕೊಂಡರು. ಎರಡು ಸಾವಿರದ ಐದನೇ ಇಸವಿ, ಸೆಪ್ಟೆಂಬರ್ ಇಪ್ಪತ್ತೈದು. ವಧುವಿಗೆ ನಾಲ್ಕು ವರ್ಷ ಮೂರು ತಿಂಗಳು, ವರನಿಗೆ ಎಂಟು ವರ್ಷ ಎಂಟು ತಿಂಗಳು. ಎದುರಿಗೆ ಗಡ್ಡ ಬಿಟ್ಟ ವಿಜೇತ್ ನಿಂತಿದ್ದರೂ ಕಾಗದದಲ್ಲಿ ಇದ್ದದ್ದು ಕಾಗದದಲ್ಲಿ ಇದ್ದದ್ದೇ. ಇದು ಬಾಲ್ಯವಿವಾಹ, ದಾಖಲು ಮಾಡುವುದು ಬಿಡಿ, ಮೇಲಿನವರಿಗೆ ತಿಳಿಸದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದರು ಸೆಕ್ರೆಟರಿ.

ತಿಳಿಸಿಯೂ ಬಿಟ್ಟರು. ಮಂಗಳವಾರ ಬೆಳಿಗ್ಗೆ ಅಂಗನವಾಡಿಯ ಅಮ್ಮು ಟೀಚರಿಗೆ ಮೇಲಿನಿಂದ ಫೋನು ಬಂತು, ನಿಮ್ಮ ವಾರ್ಡಿನಲ್ಲಿ ನಾಲ್ಕು ವರ್ಷದ ಮದುಮಗಳಿದ್ದಾಳಂತೆ, ಕೂಡಲೇ ಹೋಗಿ ನೋಡಿ ಎಂದು. ಅಮ್ಮು ಟೀಚರು ಒಂದು ಪೊಟ್ಟಣ ಪೌಷ್ಟಿಕ ಹುಡಿ ಹಿಡಿದುಕೊಂಡು ಕಿನ್ನಿ ಅಜ್ಜಿಯ ಮನೆಗೆ ಓಡಿ ಬಂದರು. ಅಂಗಳದಲ್ಲಿ ತೃಪ್ತಿ ಬಟ್ಟೆ ಒಣಗಿಸುತ್ತಿದ್ದಳು. ವಿಷಯ ತಿಳಿದಾಗ ಟೀಚರು ಬಹಳ ನೊಂದುಕೊಂಡು, ಎರಡು ಸಾವಿರದ ಐದರಲ್ಲಿ ಇವಳು ನಮ್ಮ ಅಂಗನವಾಡಿಯಲ್ಲೇ ಇದ್ದಳು, ನಾನು ಹಳೆಯ ಹಾಜರಿ ಪುಸ್ತಕ ತೆಗೆದು ಸಾಕ್ಷಿ ಹೇಳುತ್ತೇನೆ ಎಂದರು. ತೆಗೆದು ನೋಡಿದರೆ ಅಂದು ಆದಿತ್ಯವಾರ, ಅಂಗನವಾಡಿಗೆ ರಜೆ. ಶನಿವಾರ ಮತ್ತು ಸೋಮವಾರ ಮಗು ಹಾಜರು, ನಡುವಿನ ದಿನ ಎಲ್ಲಿತ್ತೆಂದು ನಾನು ಹೇಗೆ ಹೇಳಲಿ ಎಂದು ಟೀಚರು ಪುಸ್ತಕ ಮುಚ್ಚಿದರು.

ಕಿನ್ನಿ ಅಜ್ಜಿ ಸೆರಗು ಬಿಗಿದು ನೇರ ದೇವಸ್ಥಾನದ ಕಚೇರಿಗೆ ಬಂದಳು.

"ನನ್ನ ಪುಳ್ಳಿಗೆ ನಾಲ್ಕು ವರ್ಷದಲ್ಲಿ ಮದುವೆ ಮಾಡಿಸ್ಲಿಕ್ಕೆ ನಿಮಗೆ ಎಂತ ಅಧಿಕಾರ ಉಂಟು ಮಾರಾಯ್ರೆ? ನಾಲ್ಕು ವರ್ಷದಲ್ಲಿ ಅವಳಿಗೆ ಸರಿ ಮೂಗು ಒರೆಸ್ಲಿಕ್ಕೆ ಬರ್ತಿರ್ಲಿಲ್ಲ."

ಮಹೇಶ್ವರಣ್ಣ ಎದ್ದು ನಿಂತು ಪರದೆಯನ್ನು ಅಜ್ಜಿಯ ಕಡೆಗೆ ತಿರುಗಿಸಿದ. ಅದರಲ್ಲಿ ವಾರ ಮತ್ತು ಗಂಟೆ ಮಾತ್ರ ದೊಡ್ಡದಾಗಿ ಓಡುತ್ತಿದ್ದವು. ವಾರ ಸರಿ ಉಂಟು, ಗಂಟೆ ಸರಿ ಉಂಟು, ನಿಮಿಷ ಸರಿ ಉಂಟು, ಸೆಕೆಂಡು ಅಂತೂ ಇಡೀ ಜಿಲ್ಲೆಯಲ್ಲೇ ಇಷ್ಟು ಸರಿ ಬೇರೆ ಕಡೆ ಇಲ್ಲ ಎಂದು ಬೆರಳಿಟ್ಟು ತೋರಿಸಿದ. ಪಂಚಾಯತಿನವರ ಗೋಡೆ ಗಡಿಯಾರವೇ ಸರಿ ಇಲ್ಲ, ಅವರ ಕಂಪ್ಯೂಟರ್ ಹೇಗೆ ಸರಿ ಇರುತ್ತದೆ ಎಂದ. ಇದು ತನ್ನ ನಾಲ್ಕು ಅರ್ಜಿಗಳಿಗೆ ಸೆಕ್ರೆಟರಿ ತೀರಿಸಿಕೊಂಡ ಸೇಡು ಎಂದು ಅವನಿಗೆ ಆಗಲೇ ಖಾತ್ರಿಯಾಗಿತ್ತು.

ಅಷ್ಟರಲ್ಲಿ ಧಾರೆ ನಡೆಸಿಕೊಟ್ಟ ವಿಘ್ನೇಶ ಭಟ್ಟರಿಗೂ ಸುದ್ದಿ ಮುಟ್ಟಿತು. ಎಂಬತ್ತರ ಹತ್ತಿರದ ವೃದ್ಧರು, ಹಳೆಯ ಪಂಚಾಂಗಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟವರು. ಆ ತಾರೀಕಿನ ಪುಟ ತೆಗೆದು ನೋಡಿದವರೇ ಪಂಚಾಂಗ ಸಮೇತ ಕಚೇರಿಗೆ ಬಂದರು. ಬಾಲ್ಯವಿವಾಹದ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂದು ಮಹಾಲಯ ಪಕ್ಷದ ಅಷ್ಟಮಿ. ಪಿತೃಗಳಿಗೆ ಮೀಸಲಾದ ಪಕ್ಷದಲ್ಲಿ ನಾನು ಧಾರೆ ಎರೆಸಿದೆನೆಂದು ಬರೆದು ಅದರ ಕೆಳಗೆ ನನ್ನ ಸಹಿ ತೆಗೆದುಕೊಂಡಿದ್ದಿ, ಐವತ್ತೈದು ವರ್ಷದ ನನ್ನ ಪೌರೋಹಿತ್ಯಕ್ಕೆ ಮಸಿ ಬಳಿದೆ ಎಂದು ಮಹೇಶ್ವರಣ್ಣನ ಎದುರು ಕೂತು ಕಣ್ಣೀರು ಹಾಕಿದರು. ವಯಸ್ಸನ್ನು ಬೇಕಾದರೆ ಆಮೇಲೆ ತಿದ್ದು, ಮೊದಲು ಪಕ್ಷ ತಿದ್ದು ಎಂಬುದು ಅವರ ಬೇಡಿಕೆ.

ಸೆಕ್ರೆಟರಿಯ ಬೇಡಿಕೆ ಇನ್ನೂ ಸರಳ. ನಮ್ಮ ಗಡಿಯಾರ ತಪ್ಪಾಗಿತ್ತು, ಆದ್ದರಿಂದ ದಿನಾಂಕ ತಪ್ಪಾಗಿ ಬಂತು ಎಂದು ದೇವಸ್ಥಾನದಿಂದ ಒಂದು ಪತ್ರ ತಂದರೆ ಸಾಕು, ದಾಖಲು ಮಾಡಿಕೊಡುತ್ತೇನೆ, ಮೇಲಿನವರಿಗೂ ನಾನೇ ಹೇಳುತ್ತೇನೆ ಎಂದು ವಿಜೇತನ ಹತ್ತಿರ ಹೇಳಿಕಳಿಸಿದರು. ನಿಜ ಹೇಳಬೇಕೆಂದರೆ ಒಳ್ಳೆಯ ಮನುಷ್ಯನೇ. ಆದರೆ ಗಡಿಯಾರ ತಪ್ಪು ಎಂಬ ಎರಡು ಶಬ್ದ ಕೇಳಿದ್ದೇ ಮಹೇಶ್ವರಣ್ಣನ ಕಿವಿ ಕೆಂಪಾಯಿತು. ದಿನಾಂಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಕಂಡುಬಂದಿದ್ದರೂ ಗಡಿಯಾರವು ಸಂಪೂರ್ಣ ಸರಿಯಾಗಿಯೇ ಇದೆ ಎಂದು ಬುಧವಾರ ಅದೇ ಕಂಪ್ಯೂಟರಿನಲ್ಲಿ ಪತ್ರ ಟೈಪು ಮಾಡಿ, ಮುದ್ರಿಸಿ, ಮುದ್ರೆ ಒತ್ತಿ ಕಳಿಸಿದ.

ಪತ್ರದ ಮೇಲ್ಗಡೆ ದಿನಾಂಕವನ್ನು ಕಂಪ್ಯೂಟರೇ ಹಾಕಿತ್ತು. ಎರಡು ಸಾವಿರದ ಐದು, ಸೆಪ್ಟೆಂಬರ್ ಇಪ್ಪತ್ತೆಂಟು.

ಸೆಕ್ರೆಟರಿ ಅದನ್ನು ಓದಿ ತಲೆಗೆ ಕೈ ಇಟ್ಟರು. ಮೊದಲು ಬಾಲ್ಯವಿವಾಹಕ್ಕೆ ಒಂದೇ ದಾಖಲೆ ಇತ್ತು, ಈಗ ಮದುವೆಯಾದ ಮೂರೇ ದಿನಕ್ಕೆ ದೇವಸ್ಥಾನವೇ ಬರೆದುಕೊಟ್ಟ ಎರಡನೇ ದಾಖಲೆಯೂ ಸಿಕ್ಕಿತು ಎಂದರು. ಇಬ್ಬರೂ ಸಹಿ ಹಾಕಲು ಶುಕ್ರವಾರ ಐದು ಗಂಟೆ ಕೊನೆ, ಆಮೇಲೆ ನನ್ನ ಕೈಯಲ್ಲಿ ಇಲ್ಲ ಎಂದೂ ಹೇಳಿದರು.

ಗುರುವಾರ ವಿಜೇತ್ ಬೈಕಿನಲ್ಲಿ ಹೋಗಿ ಸೌದಾಮಿನಿ ಟೀಚರನ್ನು ಕರೆತಂದ. ಟೀಚರು ಕಂಪ್ಯೂಟರಿನ ಎದುರು ಕೂತು ಒಂದೆರಡು ಸಾಲು ಒತ್ತಿ ನೋಡಿದರು. ಆಮೇಲೆ ಪೆಟ್ಟಿಗೆಯನ್ನು ಮಗುಚಿ, ತಳದಲ್ಲಿದ್ದ ತಯಾರಿಕೆಯ ಇಸವಿ ನೋಡಿದರು.

"ಮಹೇಶ್ವರಣ್ಣ, ಇದು ಹಳೇ ಕಾಲದ್ದು. ಇದು ವಾರಗಳನ್ನು ಎಣಿಸ್ತದೆ. ಸಾವಿರದ ಇಪ್ಪತ್ತನಾಲ್ಕು ವಾರ, ಹೆಚ್ಚುಕಮ್ಮಿ ಇಪ್ಪತ್ತು ವರ್ಷ, ಆಯ್ತು ಅಂದ್ರೆ ಪುನಃ ಸೊನ್ನೆಯಿಂದ ಶುರು, ಜೀಪಿನ ಮೀಟರ್ ತಿರುಗಿ ಸೊನ್ನೆಗೆ ಬಂದ ಹಾಗೆ. ಆದ್ರಿಂದ ಅದಕ್ಕೆ ಈಗ ಇಪ್ಪತ್ತು ವರ್ಷ ಹಿಂದಿನ ಕಾಲ. ಇಡೀ ಇಡೀ ವಾರ ಹಿಂದೆ ಹೋದದ್ದಲ್ಲವಾ, ಹಾಗಾಗಿ ಆದಿತ್ಯವಾರ ಆದಿತ್ಯವಾರವೇ ಇರ್ತದೆ."

"ಆದ್ರೆ ಸೆಕೆಂಡು ಸರಿ ಉಂಟಲ್ಲ ಟೀಚರೇ."

"ಸೆಕೆಂಡು ಸರಿ ಉಂಟು. ಅದು ಟಕ್ ಅಂತ ಬಡಿತದೆ, ಅಷ್ಟೆ. ಆ ಟಕ್ ಯಾವ ವರ್ಷದ್ದು ಅಂತ ಬೇರೆ ಯಾರಾದ್ರೂ ಹೇಳ್ಬೇಕು. ಹೇಳ್ಲಿಕ್ಕೆ ಅಂತ ನಾನು ನಾಲ್ಕು ಜನರನ್ನು ಇಟ್ಟಿದ್ದೆ. ನೀವು ನಾಲ್ಕು ಜನರ ಬಾಯಿಯನ್ನೂ ಮುಚ್ಚಿಸಿದ್ದೀರಿ."

ಮಹೇಶ್ವರಣ್ಣ ಆ ದಿನ ಊಟ ಮಾಡಲಿಲ್ಲ. ಅವಮಾನಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಅಲ್ಲ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲನ್ನು ತಪ್ಪದೆ ಹೇಳುವ ಯಂತ್ರಕ್ಕೆ ಇಸವಿ ಗೊತ್ತಿಲ್ಲ ಎಂದರೆ ಇದು ಯಾವ ನ್ಯಾಯ? ವರ್ಷಗಟ್ಟಲೆ ಜೊತೆಯಲ್ಲಿ ಕೆಲಸ ಮಾಡಿದ ಪೆಟ್ಟಿಗೆ ಹೀಗೆ ಕೈಕೊಡಬಹುದಾ? ಅದರ ಮೇಲೆ ಆ ಏಳು ನಿಮಿಷದ ಸೆಕ್ರೆಟರಿಗೆ ನಮ್ಮ ಗಡಿಯಾರ ತಪ್ಪು ಎಂದು ಸಹಿ ಹಾಕಿ ಬರೆದುಕೊಡಬೇಕಂತೆ!

ಶುಕ್ರವಾರ ಬೆಳಿಗ್ಗೆಯಿಂದ ವಿಜೇತ್, ತೃಪ್ತಿ, ಕಿನ್ನಿ ಅಜ್ಜಿ ಮೂವರೂ ಪಂಚಾಯತು ಕಚೇರಿಯ ಬೆಂಚಿನಲ್ಲಿ ಅವನ ಪತ್ರಕ್ಕೆ ಕಾದು ಕೂತರು. ಮಹೇಶ್ವರಣ್ಣ ಮನೆಯ ಜಗಲಿಯಲ್ಲಿ ಕೈಬರಹದ ಪತ್ರಕ್ಕೆ ಕೂತ. ಮೊದಲ ಪತ್ರದಲ್ಲಿ ತಪ್ಪು ಉಪಗ್ರಹಗಳದ್ದಾಯಿತು. ಎರಡನೆಯದರಲ್ಲಿ ತಯಾರಕರದ್ದಾಯಿತು. ಮೂರನೆಯದರಲ್ಲಿ ಅರ್ಧ ಪುಟ ಪಂಚಾಯತಿನ ಗೋಡೆ ಗಡಿಯಾರದ ಬಗ್ಗೆಯೇ ಹೋಯಿತು. ಮಧ್ಯಾಹ್ನ ಮೂರೂವರೆಗೆ ಆರನೆಯ ಪತ್ರ ಹರಿದು ಬಿಸಾಡುವಾಗ ಶಂಕರಿ ಕೈಯಲ್ಲಿ ಕ್ಯಾಲೆಂಡರಿನ ಅವತ್ತಿನ ಹಾಳೆ ಹಿಡಿದುಕೊಂಡು ಹೊರಗೆ ಬಂದಳು.

"ಆ ಕೂಸು ನಾಳೆಯಿಂದ ಒಂದು ವರ್ಷ ಗಂಡನನ್ನು ಬಿಟ್ಟು ಕೂರ್ಬೇಕು, ಗೊತ್ತುಂಟಲ್ಲ? ನಿಮ್ಮ ಲೆಕ್ಕದಲ್ಲಿ ಅದು ಎಷ್ಟು ಸೆಕೆಂಡು ಆಗ್ತದೆ, ಹೇಳಿ."

ಮಹೇಶ್ವರಣ್ಣ ಅದನ್ನು ಮನಸ್ಸಿನಲ್ಲೇ ಗುಣಿಸಲು ಹೊರಟ. ಮೂರು ಕೋಟಿ ದಾಟಿದಾಗ ಗುಣಿಸುವುದನ್ನು ಬಿಟ್ಟ. ಏಳನೆಯ ಹಾಳೆ ತೆಗೆದುಕೊಂಡು, ನಮ್ಮ ಗಡಿಯಾರ ತಪ್ಪಾಗಿತ್ತು, ತಪ್ಪು ನನ್ನದು ಎಂದು ಎರಡೇ ಸಾಲು ಬರೆದ. ಮೇಲೆ ತಾರೀಕು ಹಾಕುವಲ್ಲಿ ಪೆನ್ನು ನಿಂತಿತು. ನಿನ್ನೆಯಿಂದ ಅವನಿಗೆ ತಾರೀಕಿನ ಮೇಲೆ ನಂಬಿಕೆಯೇ ಹೋಗಿತ್ತು. ಶಂಕರಿ ಕ್ಯಾಲೆಂಡರಿನ ಹಾಳೆಯನ್ನು ಅವನ ಮುಂದೆ ಇಟ್ಟಳು. ಅವನು ಅದನ್ನು ನೋಡಿ ಬರೆದ.

ಜೀಪು ಸಿಕ್ಕಿತು, ಜೀಪಿನಲ್ಲಿ ಜಾಗ ಸಿಗಲಿಲ್ಲ. ಹಿಂದೆ ನೇತಾಡಿಕೊಂಡು ಹೋದ. ಪಂಚಾಯತಿನ ಮೆಟ್ಟಿಲು ಹತ್ತುವಾಗ ಅವನ ಕೈಗಡಿಯಾರದಲ್ಲಿ ನಾಲ್ಕು ಐವತ್ತೆಂಟು. ಇನ್ನೂ ಎರಡು ನಿಮಿಷ ಉಂಟು ಎಂದು ಎದೆಯುಬ್ಬಿಸಿಕೊಂಡು ಒಳಗೆ ಕಾಲಿಟ್ಟ. ಸೆಕ್ರೆಟರಿ ಬ್ಯಾಗು ಹೆಗಲಿಗೆ ಹಾಕಿ, ಕಂಪ್ಯೂಟರ್ ಆರಿಸಲು ಕೈ ಚಾಚಿದ್ದರು. ಅವರ ತಲೆಯ ಮೇಲೆ ಗೋಡೆ ಗಡಿಯಾರ ಐದು ಗಂಟೆ ಐದು ನಿಮಿಷ ತೋರಿಸುತ್ತಿತ್ತು.

ಸೆಕ್ರೆಟರಿ ಅವನನ್ನು ನೋಡಿದರು. ಆಮೇಲೆ ಗಡಿಯಾರದತ್ತ ಬೆರಳು ತೋರಿಸಿದರು.

"ಐದು ಗಂಟೆ ಅಂತ ಹೇಳಿದ್ದೆ. ಈಗ ಎಷ್ಟಾಯ್ತು? ನೀವೇ ಹೇಳಿ."

ಗುಮಾಸ್ತರು ಚೀಲ ಹಿಡಿದಲ್ಲೇ ನಿಂತರು. ಮಹೇಶ್ವರಣ್ಣನ ಹಟ ಗೊತ್ತಿದ್ದವರಿಗೆ ಮುಂದೆ ಏನಾಗುತ್ತದೆಂದು ಕೇಳಬೇಕಾಗಿರಲಿಲ್ಲ. ಅವನ ನಾಲಿಗೆಯ ತುದಿಗೆ ನಾಲ್ಕು ಐವತ್ತೆಂಟು ಬಂದು ಕೂತಿತ್ತು. ನಾಲ್ಕು ಅರ್ಜಿಗಳು ಬಂದು ಕೂತಿದ್ದವು. ಜೀವಮಾನದಲ್ಲಿ ಅವನ ಮಾತು ಇಷ್ಟು ಸರಿಯಾಗಿದ್ದ ಗಳಿಗೆ ಇನ್ನೊಂದಿರಲಿಲ್ಲ. ಬೆಂಚಿನಲ್ಲಿ ತೃಪ್ತಿ ವಿಜೇತನ ಅಂಗಿಯ ತೋಳು ಹಿಡಿದುಕೊಂಡು ಕೂತಿದ್ದಳು.

"ಐದು ಗಂಟೆ ಐದು ನಿಮಿಷ ಆಗಿದೆ ಸಾರ್," ಎಂದ ಮಹೇಶ್ವರಣ್ಣ. "ನಿಮ್ಮ ಗಡಿಯಾರ ಸರಿ ಉಂಟು. ತಡ ಆದದ್ದು ನಾನು."

ಸೆಕ್ರೆಟರಿ ಜಗಳಕ್ಕೆ ತಯಾರಾಗಿ ನಿಂತಿದ್ದವರು. ಜಗಳವೇ ಬಾರದೆ ಇದ್ದಾಗ ಏನು ಮಾಡುವುದೆಂದು ತಿಳಿಯದೆ ಹೆಗಲ ಬ್ಯಾಗು ಇಳಿಸಿ, ಕುರ್ಚಿಯಲ್ಲಿ ಕೂತು ಪತ್ರಕ್ಕೆ ಕೈ ಚಾಚಿದರು. ಎರಡು ಸಾಲನ್ನು ಎರಡು ಸಲ ಓದಿದರು. ಇಬ್ಬರ ಹತ್ತಿರವೂ ಸಹಿ ಹಾಕಿಸಿದರು. ತಾವೂ ಹಾಕಿದರು. ಸ್ವೀಕರಿಸಿದ ಸಮಯ ಎಂಬಲ್ಲಿ ತಲೆಯೆತ್ತಿ ಗೋಡೆ ನೋಡಿ ಐದು ಗಂಟೆ ಹನ್ನೆರಡು ನಿಮಿಷ ಎಂದು ಬರೆದಾಗ ಮಹೇಶ್ವರಣ್ಣ ಕಿಟಕಿಯ ಹೊರಗೆ ನೋಡಿದ.

ಸರ್ಟಿಫಿಕೇಟು ಕೈಗೆ ಬಂದು, ಎಲ್ಲರೂ ಹೊರಡುವಾಗ ಗೋಡೆಯಲ್ಲಿ ಐದು ಇಪ್ಪತ್ತು. ಕಿನ್ನಿ ಅಜ್ಜಿ ಮೆಟ್ಟಿಲಲ್ಲೇ ಕುಸಿದು ಕೂತಳು. ಅಜ್ಜಿಯ ಮನೆಯ ದಾರಿಯಾಗಿ ಬದಿಯಡ್ಕಕ್ಕೆ ಹೋಗುವ ಕೊನೆಯ ಬಸ್ಸು ಐದು ಹದಿನೈದರದ್ದು. ಅದು ಒಂದು ನಿಮಿಷವೂ ತಡವಾಗುವ ಬಸ್ಸಲ್ಲ, ತಡವಾದರೆ ಪೇಟೆಯಿಂದ ಅದರ ನಂತರ ಹೊರಡುವ ಬಸ್ಸಿನ ಕಂಡಕ್ಟರು, ನಮ್ಮ ಜನರನ್ನು ಹತ್ತಿಸಿಕೊಂಡಿರಿ ಎಂದು ಅಡ್ಡ ನಿಂತು ಕಾಲರು ಹಿಡಿಯುತ್ತಾನೆ.

"ಬಸ್ ಹೋಯ್ತು. ಇನ್ನು ಈ ಕಾಲಲ್ಲಿ ಗುಡ್ಡ ಹತ್ಬೇಕು," ಎಂದು ಅಜ್ಜಿ ಗೊಣಗಿದಳು.

"ಹೋಗ್ಲಿಲ್ಲ. ಈಗ ಐದು ಹದಿಮೂರು. ಇನ್ನು ಎರಡು ನಿಮಿಷ ಉಂಟು," ಎಂದ ಮಹೇಶ್ವರಣ್ಣ ಮೆಲ್ಲಗೆ.

ಅಜ್ಜಿ ಅವನನ್ನು ಕಾಲಿನಿಂದ ತಲೆಯ ತನಕ ನೋಡಿದಳು. ನಿಮ್ಮ ಇಪ್ಪತ್ತು ವರ್ಷ ಹಿಂದಿನ ಲೆಕ್ಕದಲ್ಲಿ ಬಸ್ಸಿಗೆ ಹುಟ್ಟುವುದಕ್ಕೇ ಇನ್ನೂ ಹತ್ತು ವರ್ಷ ಉಂಟು ಎಂದಳು. ತೃಪ್ತಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ಮಹೇಶ್ವರಣ್ಣ ರಸ್ತೆಯ ತಿರುವು ನೋಡುತ್ತ ನಿಂತ. ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡ.

ತಿರುವಿನಲ್ಲಿ ಹಾರ್ನ್ ಕೇಳಿತು. ಬಸ್ಸು ಬಂದು ನಿಂತಿತು. ಕಿನ್ನಿ ಅಜ್ಜಿ ಮೊಮ್ಮಗಳ ಭುಜ ಹಿಡಿದು ಎದ್ದು, ಫುಟ್‌ಬೋರ್ಡಿಗೆ ಕಾಲಿಟ್ಟವಳು ಹಿಂತಿರುಗಿ ನೋಡಿದಳು.

"ಅಲ್ಲ ಮಾರಾಯ್ರೆ, ಹಾಗಾದ್ರೆ ಆಗ ಒಳಗೆ ನಿಮ್ಮ ಟೈಮೇ ಸರಿ ಇತ್ತಲ್ಲ. ನೀವು ಯಾಕೆ ಹೇಳ್ಲಿಲ್ಲ?"

ಮಹೇಶ್ವರಣ್ಣ ಉತ್ತರ ಕೊಡಲು ಬಾಯಿ ತೆರೆದ. ವಿಷಯ ದೊಡ್ಡದಿತ್ತು, ಉಪಗ್ರಹದಿಂದಲೇ ಶುರು ಮಾಡಬೇಕಾಗಿತ್ತು. ಕಂಡಕ್ಟರು ಅವನ ಬೆನ್ನಿಗೆ ಕೈ ಹಾಕಿ ಒಳಗೆ ತಳ್ಳಿ, ಟೈಮ್ ಆಯ್ತು ಎಂದು ಬೆಲ್ಲು ಎಳೆದ.